ನಗಿಸಿದವರ ನಾಲ್ಕು ತಾಲ್ಲೂಕು

ಶ್ರೀರಂಗಪಟ್ಟಣದ ಸಿಂಗರಾರ್ಯನಿಂದ ಅಕ್ಕಿಹೆಬ್ಬಾಳಿನ ಮೂರ್ತಿರಾಯರವರೆಗೆ, ಮಂಡ್ಯ ಸೀಮೆಯ ರಂಗದ ನಗೆ ನಡೆದುಬಂದ ದಾರಿ

1673ರ ಫೆಬ್ರವರಿ 17. ಪ್ಯಾರಿಸ್ಸಿನ ರಂಗಮಂದಿರದಲ್ಲಿ ಮೋಲಿಯೇರ್ ತಾನೇ ಬರೆದ ನಾಟಕದಲ್ಲಿ, ಇಲ್ಲದ ಕಾಯಿಲೆಗೆ ದಿನವೂ ಔಷಧಿ ಕುಡಿಯುವ ಯಜಮಾನನ ಪಾತ್ರ ಮಾಡುತ್ತಿದ್ದ. ಹಾಡು, ಕುಣಿತ ಎಲ್ಲ ಸೇರಿದ ನಗೆನಾಟಕ ಅದು. ಪಾತ್ರಕ್ಕೆ ಕಾಯಿಲೆ ಇರಲಿಲ್ಲ, ನಟನಿಗಿತ್ತು. ಆಟ ಮುಗಿಸಿ ಮನೆಗೆ ಹೋದವನು ಅದೇ ರಾತ್ರಿ ತೀರಿಕೊಂಡ. ಅದೇ ವರ್ಷ ಇತ್ತ ಕಾವೇರಿಯ ನಡುಗಡ್ಡೆಯಲ್ಲಿ, ಶ್ರೀರಂಗಪಟ್ಟಣದ ಗದ್ದುಗೆಗೆ ಚಿಕ್ಕದೇವರಾಜ ಒಡೆಯರು ಬಂದರು. ಈ ಎರಡಕ್ಕೂ ಆಗ ಯಾವ ಸಂಬಂಧವೂ ಇರಲಿಲ್ಲ. ಆ ಅರಸರ ಆಸ್ಥಾನದಲ್ಲಿ ಹುಟ್ಟಿದ ನಾಟಕವೊಂದು ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ನಾಟಕವಾಯಿತು, ಅದೂ ನಗೆ ಬೆರೆತ ನಾಟಕವೇ. ಮೋಲಿಯೇರ್ ಸತ್ತು 258 ವರ್ಷವಾದ ಮೇಲೆ ಅವನ ಅತ್ಯಂತ ಕಟುವಾದ ಹಾಸ್ಯವನ್ನು ಕನ್ನಡಕ್ಕೆ ಕರೆತಂದವರು ಹೇಮಾವತಿ ದಂಡೆಯ ಅಕ್ಕಿಹೆಬ್ಬಾಳಿನವರು. ಶ್ರೀರಂಗಪಟ್ಟಣಕ್ಕೂ ಅಕ್ಕಿಹೆಬ್ಬಾಳಿಗೂ ನಡುವೆ ಇರುವುದು ಅರ್ಧ ದಿನದ ಬಸ್ ಪ್ರಯಾಣವೂ ಅಲ್ಲ.

ಮಂಡ್ಯ ಜಿಲ್ಲೆ ಎಂದರೆ ಕಬ್ಬು, ಕಾಲುವೆ, ರಾಜಕೀಯ. ನಾಟಕದ ಮಾತು ಬಂದರೆ ಕುರುಕ್ಷೇತ್ರ. ನಗೆಯ ಮಾತು ಬಂದಾಗ ನಾವು ಮೈಸೂರಿನ ಕಡೆಗೋ ಬೆಂಗಳೂರಿನ ಕೈಲಾಸಂ ಕಡೆಗೋ ನೋಡುತ್ತೇವೆ. ಆದರೆ ಶ್ರೀರಂಗಪಟ್ಟಣ, ನಾಗಮಂಗಲ, ಕೃಷ್ಣರಾಜಪೇಟೆ, ಪಾಂಡವಪುರ ಈ ನಾಲ್ಕು ತಾಲ್ಲೂಕುಗಳನ್ನು ಒಂದು ಸುತ್ತು ಹಾಕಿದರೆ ಕನ್ನಡ ರಂಗದ ಹಾಸ್ಯ ಎಲ್ಲೆಲ್ಲಿ ತಿರುವು ಪಡೆಯಿತು ಎಂಬುದು ಕಣ್ಣಿಗೆ ಕಾಣುತ್ತದೆ. ಯಾರು ಯಾರನ್ನು ನೋಡಿ ನಗಬಹುದು, ನಗುವಾಗ ಹಾಡು ಬೇಕೇ ಬೇಡವೇ ಎಂಬ ಎರಡು ಪ್ರಶ್ನೆಗಳಿಗೆ ಈ ಸೀಮೆಯ ಬರಹಗಾರರು ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟಿದ್ದಾರೆ.

ಅರಸನ ಎದುರಿಗೆ ಅರಸನ ಪೇಚಾಟ

ಚಿಕ್ಕದೇವರಾಜ ಒಡೆಯರ ಆಳ್ವಿಕೆ 1673ರಿಂದ 1704ರವರೆಗೆ. ತೆರಿಗೆಯ ವಿಷಯದಲ್ಲಿ ಬಿಗಿ ಅರಸ, ಸಾಹಿತ್ಯದ ವಿಷಯದಲ್ಲಿ ಧಾರಾಳಿ. ಮಂತ್ರಿ ತಿರುಮಲಾರ್ಯ, ಚಿಕುಪಾಧ್ಯಾಯ, ‘ಹದಿಬದೆಯ ಧರ್ಮ’ ಬರೆದ ಸಂಚಿ ಹೊನ್ನಮ್ಮ ಎಲ್ಲರೂ ಆ ಕಾಲದವರು. ಹಾಡುಗಳ ಕೃತಿಯಾದ ‘ಗೀತಗೋಪಾಲ’ ಅರಸರ ಹೆಸರಿನಲ್ಲೇ ಇದೆ. ತಿರುಮಲಾರ್ಯನ ತಮ್ಮ ಸಿಂಗರಾರ್ಯ ಇಂಥ ವಾತಾವರಣದಲ್ಲಿ ‘ಮಿತ್ರವಿಂದಾ ಗೋವಿಂದ’ ಬರೆದ.

ಕಥೆ ಅವನ ಸ್ವಂತದ್ದಲ್ಲ. ಏಳನೆಯ ಶತಮಾನದ ಶ್ರೀಹರ್ಷನ ‘ರತ್ನಾವಳಿ’ ಇದಕ್ಕೆ ಮೂಲ. ಆ ಸಂಸ್ಕೃತ ನಾಟಕದ ತಿರುಳು ಪ್ರೇಮಕ್ಕಿಂತ ಹೆಚ್ಚಾಗಿ ಪೇಚಾಟ. ಸಿಂಹಳದ ರಾಜಕುಮಾರಿ ಹಡಗು ಒಡೆದು ಹೇಗೋ ಬದುಕಿ, ವತ್ಸದೇಶದ ಅಂತಃಪುರದಲ್ಲಿ ದಾಸಿಯಾಗಿ ಸೇರಿಕೊಂಡಿದ್ದಾಳೆ. ಅರಸನ ಮೇಲೆ ಮನಸ್ಸಿಟ್ಟು ಅವನ ಚಿತ್ರ ಬರೆಯುತ್ತಾಳೆ. ಗೆಳತಿಯ ಜೊತೆ ಆಡಿದ ಗುಟ್ಟಿನ ಮಾತನ್ನು ಪಂಜರದ ಗೊರವಂಕ ಕೇಳಿಸಿಕೊಂಡಿದೆ. ಲಾಯದಿಂದ ತಪ್ಪಿಸಿಕೊಂಡ ಕೋತಿಯೊಂದು ಗಲಾಟೆ ಎಬ್ಬಿಸಿ, ಪಂಜರ ಬಿಚ್ಚಿ, ಹಕ್ಕಿ ಹಾರಿಹೋಗಿ ಅದೇ ಗುಟ್ಟನ್ನು ಅರಸನ ಕಿವಿಗೇ ಒಪ್ಪಿಸುತ್ತದೆ. ಆಮೇಲೆ ದಾಸಿಗೆ ರಾಣಿಯ ವೇಷ ಹಾಕಿಸಿ ಕತ್ತಲಲ್ಲಿ ಅರಸನನ್ನು ಸೇರಿಸುವ ಹಂಚಿಕೆ. ಬರುವುದು ಮಾತ್ರ ನಿಜವಾದ ರಾಣಿ. ಅರಸ ಅವಳನ್ನೇ ದಾಸಿಯೆಂದು ತಿಳಿದು ಪ್ರೇಮದ ಮಾತುಗಳನ್ನೆಲ್ಲ ಸುರಿಯುತ್ತಾನೆ. ಇಂದಿನ ಸಿನಿಮಾದಲ್ಲಿ ಇಟ್ಟರೂ ಚಿತ್ರಮಂದಿರ ನಗುವ ದೃಶ್ಯ ಅದು.

ಸಿಂಗರಾರ್ಯ ಮಾಡಿದ ಬುದ್ಧಿವಂತಿಕೆಯೆಂದರೆ ನಾಯಕನನ್ನೇ ಬದಲಾಯಿಸಿದ್ದು. ವತ್ಸರಾಜ ಉದಯನನ ಜಾಗಕ್ಕೆ ಶ್ರೀಕೃಷ್ಣ ಬಂದ. ದಾಸಿಯ ವೇಷದ ರಾಜಕುಮಾರಿಯ ಜಾಗಕ್ಕೆ ಅಷ್ಟಮಹಿಷಿಯರಲ್ಲಿ ಒಬ್ಬಳಾದ, ಅವಂತಿಯ ಮಿತ್ರವಿಂದೆ ಬಂದಳು. ಮೈಸೂರಿನ ಒಡೆಯರು ತಮ್ಮನ್ನು ಯದುವಂಶದವರೆಂದು ಹೇಳಿಕೊಂಡವರು. ಸಿಂಗರಾರ್ಯನ ಮನೆತನ ಶ್ರೀವೈಷ್ಣವ. ಯದುಕುಲದ ದೇವರನ್ನೇ ನಾಯಕನನ್ನಾಗಿ ಮಾಡಿದರೆ ಭಕ್ತಿಯೂ ಆಯಿತು, ಅರಸರಿಗೆ ಗೌರವವೂ ಆಯಿತು. ಜೊತೆಗೆ ಇನ್ನೊಂದು ಅನುಕೂಲ: ಹೆಂಡತಿಯ ಕೈಗೆ ಸಿಕ್ಕಿಬಿದ್ದು ಒದ್ದಾಡುವ ಅರಸನನ್ನು ಆಳುವ ಅರಸನ ಎದುರಿಗೆ ತೋರಿಸುವುದು ಕಷ್ಟ, ಕೃಷ್ಣನನ್ನು ತೋರಿಸಿದರೆ ಎಲ್ಲರೂ ನಗಬಹುದು. ಹದಿನಾರು ಸಾವಿರ ಹೆಂಡಿರ ದೇವರು ಒಬ್ಬಳಿಗೆ ಹೆದರುವುದನ್ನು ನಮ್ಮ ಹರಿಕಥೆ ದಾಸರೂ ಸತ್ಯಭಾಮೆಯ ನೆಪದಲ್ಲಿ ಎಷ್ಟೋ ಸಲ ಹೇಳಿ ನಗಿಸಿದ್ದಾರೆ.

ಇದು ಅರಮನೆಯ ನಗು. ಯಾರನ್ನೂ ಚುಚ್ಚುವುದಿಲ್ಲ, ಕೊನೆಗೆ ಎಲ್ಲರೂ ಒಪ್ಪಿ ಮದುವೆಯಾಗುತ್ತದೆ. ಸಂಸ್ಕೃತದ ಚೌಕಟ್ಟನ್ನು ಅನುಸರಿಸಿದ ಇಂಥ ನಾಟಕಗಳ ಸಾಲು ಸಿಂಗರಾರ್ಯನ ಹಿಂದೆ ಬೆಳೆಯಲಿಲ್ಲ. ಕನ್ನಡ ನಾಟಕದ ಬರವಣಿಗೆ ಮತ್ತೆ ಕಳೆ ಕಟ್ಟಿದ್ದು ಇನ್ನೂರು ವರ್ಷ ಕಳೆದು, ಮೈಸೂರಿನಲ್ಲಿ ಬಸವಪ್ಪಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಿಸಿದ ಕಾಲಕ್ಕೆ. ಹಾಗೆಂದು ಆ ಇನ್ನೂರು ವರ್ಷ ಈ ಸೀಮೆ ನಗದೆ ಕೂತಿತ್ತೆಂದು ತಿಳಿಯಬಾರದು.

ಬರೆಯದ ಹಾಸ್ಯ

ನಾಗಮಂಗಲ ತಾಲ್ಲೂಕು ಮೂಡಲಪಾಯದ ಸೀಮೆ. ಕರಾವಳಿಯ ಯಕ್ಷಗಾನ ಪಡುವಲಪಾಯವಾದರೆ ಬಯಲುಸೀಮೆಯದು ಮೂಡಲಪಾಯ. ಭಾಗವತರ ಹಾಡು, ಮುಖವೀಣೆ, ಮದ್ದಳೆ, ತಾಳ, ತಲೆಯ ಮೇಲೆ ಭಾರದ ಕಿರೀಟ, ಹೆಗಲಿಗೆ ಭುಜಕೀರ್ತಿ. ಕತ್ತಲಾದ ಮೇಲೆ ಶುರುವಾದ ‘ಕರಿಭಂಟನ ಕಾಳಗ’ ಬೆಳಗಿನ ಜಾವಕ್ಕೆ ಮುಗಿದರೆ ಅದೇ ಬೇಗ. ಈ ಆಟಗಳಲ್ಲಿ ಹನುಮನಾಯಕ ಎಂಬ ಒಬ್ಬ ಇರುತ್ತಾನೆ. ಕೆಲವು ಕಡೆ ಅವನನ್ನು ಸಾರಥಿ ಎನ್ನುತ್ತಾರೆ. ರಾಜ ರಂಗಕ್ಕೆ ಬಂದು ಮೀಸೆ ತಿರುವಿದರೆ, “ತಾವು ಯಾರು, ಎಲ್ಲಿಂದ ಬಂದಿರಿ” ಎಂದು ವಿಚಾರಿಸುವುದು ಅವನ ಕೆಲಸ. ವಿಚಾರಿಸುವ ನೆಪದಲ್ಲಿ ರಾಜನ ಬಿಂಕವನ್ನೆಲ್ಲ ಒಂದೊಂದಾಗಿ ಕಳಚುತ್ತಾನೆ. ರಾಜ ಗ್ರಂಥದ ಕನ್ನಡದಲ್ಲಿ ಗುಡುಗಿದರೆ ಇವನು ಊರಿನ ಕನ್ನಡದಲ್ಲಿ ಉತ್ತರ ಕೊಡುತ್ತಾನೆ. ಕಂದಾಯ, ಮಳೆ, ಪಟೇಲರ ದರ್ಪ, ಸಾಲ, ಅತ್ತೆ ಸೊಸೆ ಜಗಳ ಎಲ್ಲವೂ ಪುರಾಣದ ನಡುವೆ ನುಸುಳಿ ಬರುತ್ತವೆ.

ಪ್ರಸಂಗದ ಹಾಡುಗಳು ಬರಹದಲ್ಲಿ ಇರುತ್ತವೆ. ಹನುಮನಾಯಕನ ಮಾತು ಇರುವುದಿಲ್ಲ. ಅದು ಆ ರಾತ್ರಿಯ, ಆ ಊರಿನ ಮಾತು. ಹೀಗಾಗಿ ನೂರಾರು ವರ್ಷ ಜನರನ್ನು ನಗಿಸಿದ ಈ ಹಾಸ್ಯಕ್ಕೆ ಕರ್ತೃವಿನ ಹೆಸರಿಲ್ಲ, ಪುಸ್ತಕವಿಲ್ಲ. ನಾಗಮಂಗಲ ತಾಲ್ಲೂಕಿನವರೇ ಆದ ಜೀ.ಶಂ. ಪರಮಶಿವಯ್ಯನವರು ಮೂಡಲಪಾಯದ ಹಿಂದೆ ಬಿದ್ದು ಅದನ್ನು ಅಧ್ಯಯನಕ್ಕೆ ತಂದರು. ಅದೇ ತಾಲ್ಲೂಕಿನ ಎಚ್.ಎಲ್. ನಾಗೇಗೌಡರು ಜಾನಪದ ಲೋಕ ಕಟ್ಟಿದರು. ಇಂಥವರ ದುಡಿಮೆ ಇಲ್ಲದಿದ್ದರೆ ಇಷ್ಟೂ ನಮಗೆ ಉಳಿಯುತ್ತಿರಲಿಲ್ಲ. ಸಿಂಗರಾರ್ಯನಿಗೆ ಅರಸನನ್ನು ನೋಡಿ ನಗಲು ಕೃಷ್ಣನ ಮರೆ ಬೇಕಾಯಿತು. ಹನುಮನಾಯಕನಿಗೆ ಯಾವ ಮರೆಯೂ ಬೇಕಾಗಲಿಲ್ಲ, ಅರಸ ಕಾಣದ ದೂರದಲ್ಲಿ ಆಟ ನಡೆಯುತ್ತಿತ್ತು.

ಬೆಳ್ಳೂರಿನ ಕಣ್ಣೀರು

ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಹಾಸ್ಯಕ್ಕಿಂತ ದುಃಖಕ್ಕೆ ಹೆಸರಾದ ನಾಟಕಕಾರರ ಊರು. ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯ, ಅಂದರೆ ನಮ್ಮ ಬಿಎಂಶ್ರೀ, ಕನ್ನಡಕ್ಕೆ ದುರಂತ ನಾಟಕ ಬೇಕೆಂದು ಹಟ ಹಿಡಿದವರು. ಸೊಫೊಕ್ಲಿಸನ ಏಜಾಕ್ಸ್ 1929ರಲ್ಲಿ ಅವರ ಕೈಯಲ್ಲಿ ‘ಅಶ್ವತ್ಥಾಮನ್’ ಆದ. ಈಸ್ಕಿಲಸನ ನಾಟಕ 1935ರಲ್ಲಿ ‘ಪಾರಸಿಕರು’ ಆಯಿತು. ರನ್ನನ ಗದಾಯುದ್ಧವನ್ನು ಕಾವ್ಯದಿಂದ ನಾಟಕಕ್ಕೆ ಇಳಿಸಿದ್ದೂ ಅವರೇ. ಆ ಹಳೆಯ ಕಾವ್ಯದಲ್ಲಿ ಯುದ್ಧದ ನಡುವೆಯೂ ಒಬ್ಬ ವಿದೂಷಕ ಸುಳಿಯುತ್ತಾನೆ ಎಂಬುದನ್ನು ಇಲ್ಲಿ ನೆನೆಯಬೇಕು. ರನ್ನನಂಥ ವೀರರಸದ ಕವಿಗೂ ನಗಿಸುವವನೊಬ್ಬ ಬೇಕಾಗಿದ್ದ.

ಬಿಎಂಶ್ರೀ ಈ ಕಥೆಗೆ ಬರುವುದು ಬೇರೆ ಕಾರಣಕ್ಕೆ. ಒಂದು ದೇಶದ ನಾಟಕವನ್ನು ಇನ್ನೊಂದು ದೇಶಕ್ಕೆ ತರುವಾಗ ಹೆಸರು ಬದಲಾಯಿಸಿದರೆ ಸಾಲದು, ಅದರ ಹಿಂದಿನ ನಂಬಿಕೆಗೆ ನಮ್ಮಲ್ಲಿ ಒಂದು ಜೋಡಿ ಹುಡುಕಬೇಕು ಎಂಬುದನ್ನು ಅವರು ಮಾಡಿ ತೋರಿಸಿದರು. ಗ್ರೀಕರ ವೀರನಿಗೆ ಮಹಾಭಾರತದಲ್ಲಿ ಜೋಡಿ ಸಿಕ್ಕಿತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಅವರು ಇಂಗ್ಲಿಷ್ ಕಲಿಸುತ್ತಿದ್ದ ದಿನಗಳಲ್ಲಿ ಅಲ್ಲಿ ಓದಿದವರಲ್ಲಿ ಒಬ್ಬರು ಅಕ್ಕಿಹೆಬ್ಬಾಳು ನರಸಿಂಹಮೂರ್ತಿರಾವ್.

ಅಕ್ಕಿಹೆಬ್ಬಾಳಿನ ಆಷಾಢಭೂತಿ

ಎ.ಎನ್. ಮೂರ್ತಿರಾಯರು ಹುಟ್ಟಿದ್ದು 1900ರ ಜೂನ್ 16ರಂದು, ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ. ತೀರಿಕೊಂಡದ್ದು 2003ರ ಆಗಸ್ಟ್‌ನಲ್ಲಿ. ಇಪ್ಪತ್ತನೆಯ ಶತಮಾನವನ್ನು ಮೊದಲಿನಿಂದ ಕೊನೆಯವರೆಗೆ ನೋಡಿ, ಮುಂದಿನದನ್ನೂ ಸ್ವಲ್ಪ ನೋಡಿ ಹೋದವರು. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು, ಮೈಸೂರಿನ ಆಕಾಶವಾಣಿಯಲ್ಲಿ ಅಧಿಕಾರಿ, ಕನ್ನಡ ಸಾಹಿತ್ಯ ಪರಿಷತ್ತಿನ ಅಧ್ಯಕ್ಷ, 1984ರ ಕೈವಾರ ಸಮ್ಮೇಳನದ ಅಧ್ಯಕ್ಷ. ಓದುಗರಿಗೆ ಅವರು ಮೊದಲು ಪರಿಚಯವಾಗುವುದು ‘ಹಗಲುಗನಸುಗಳು’ ಎಂಬ ಪ್ರಬಂಧ ಸಂಕಲನದಿಂದ. ಅದು ಬಂದದ್ದು 1937ರಲ್ಲಿ. ಅದಕ್ಕೂ ಮೊದಲೇ, 1931ರಲ್ಲಿ, ಅವರು ನಾಟಕಕಾರರಾಗಿದ್ದರು. ಆ ನಾಟಕ ‘ಆಷಾಢಭೂತಿ’, ಮೋಲಿಯೇರನ ‘ತಾರ್ತೂಫ್’ ಆಧರಿಸಿದ್ದು.

ತಾರ್ತೂಫ್ ಕಥೆ ಸರಳ. ಓರ್ಗಾನ್ ಎಂಬ ಸ್ಥಿತಿವಂತ ಯಜಮಾನ. ಚರ್ಚಿನಲ್ಲಿ ಕಂಡ ತಾರ್ತೂಫ್ ಎಂಬ ಮಹಾಭಕ್ತನನ್ನು ಮನೆಗೆ ಕರೆತಂದು ಇಟ್ಟುಕೊಂಡಿದ್ದಾನೆ. ಹೆಂಡತಿಗೆ ಜ್ವರ ಬಂದಿತ್ತೆಂದು ಹೇಳಿದರೆ ಅವನು ಕೇಳುವುದು ತಾರ್ತೂಫನ ಕ್ಷೇಮ. ಬೇರೆ ಹುಡುಗನಿಗೆ ಮಾತು ಕೊಟ್ಟಿದ್ದ ಮಗಳನ್ನು ಈ ಭಕ್ತನಿಗೇ ಧಾರೆ ಎರೆಯಲು ಹೊರಡುತ್ತಾನೆ, ಮಗನನ್ನು ಮನೆಯಿಂದ ಓಡಿಸುತ್ತಾನೆ, ಆಸ್ತಿಯನ್ನೆಲ್ಲ ಅವನ ಹೆಸರಿಗೆ ಬರೆದುಕೊಡುತ್ತಾನೆ. ಭಕ್ತನ ಕಣ್ಣು ಮಾತ್ರ ಮನೆಯೊಡತಿಯ ಮೇಲಿದೆ. ಕೊನೆಗೆ ಹೆಂಡತಿ ಗಂಡನನ್ನು ಮೇಜಿನ ಕೆಳಗೆ ಬಚ್ಚಿಟ್ಟು, ಭಕ್ತನ ಬಾಯಿಂದಲೇ ಎಲ್ಲವನ್ನೂ ಹೊರಡಿಸುತ್ತಾಳೆ. ಗಂಡ ಮೇಜಿನ ಕೆಳಗಿಂದ ಏಳಲು ತಡಮಾಡುವ ಆ ಹೊತ್ತು ಜಗತ್ತಿನ ರಂಗಭೂಮಿಯಲ್ಲೇ ಹೆಸರಾದ ನಗೆಯ ಗಳಿಗೆ.

1664ರಲ್ಲಿ ಇದನ್ನು ಮೊದಲು ಆಡಿದಾಗ ಧರ್ಮಗುರುಗಳ ಕಡೆಯವರು ಗದ್ದಲವೆಬ್ಬಿಸಿದರು. ಮೋಲಿಯೇರನ ಬೆನ್ನಿಗೆ ನಿಂತಿದ್ದ ಹದಿನಾಲ್ಕನೆಯ ಲೂಯಿ ಕೂಡ ಅದರ ಬಹಿರಂಗ ಪ್ರದರ್ಶನವನ್ನು ನಿಲ್ಲಿಸಬೇಕಾಯಿತು. ಮತ್ತೆ ರಾಜಾರೋಷವಾಗಿ ಆಡಲು ಅನುಮತಿ ಸಿಕ್ಕಿದ್ದು 1669ರಲ್ಲಿ. ಧರ್ಮವನ್ನು ನೋಡಿ ನಗುವುದಕ್ಕೂ ಧರ್ಮದ ವೇಷವನ್ನು ನೋಡಿ ನಗುವುದಕ್ಕೂ ಇರುವ ಅಂತರವನ್ನು ತೋರಿಸಲು ಅವನಿಗೆ ಐದು ವರ್ಷ ಹಿಡಿಯಿತು.

ಓರ್ಗಾನನ ಮನೆ ಮೂರ್ತಿರಾಯರಿಗೆ ಹೊಸದಾಗಿ ಕಂಡಿರಲಾರದು. ಜಗುಲಿಯ ಮೇಲೆ ಬಂದು ಕೂತ ಸ್ವಾಮಿ, ಪಾದಪೂಜೆಗೆ ಓಡಾಡುವ ಯಜಮಾನ, ಒಳಮನೆಯಲ್ಲಿ ಎಲ್ಲ ಅರ್ಥವಾಗಿಯೂ ಬಾಯಿ ಬಿಡಲಾಗದ ಹೆಂಗಸರು, ಎದುರು ಮಾತಾಡುವ ಧೈರ್ಯ ಇರುವ ಕೆಲಸದವಳು: ಹಳೇ ಮೈಸೂರಿನ ಯಾವ ಅಗ್ರಹಾರದಲ್ಲಾದರೂ ಇವರು ಸಿಗುತ್ತಿದ್ದರು. ತಾರ್ತೂಫನಿಗೆ ಜೋಡಿ ಹುಡುಕುವ ಕೆಲಸವನ್ನು ಪಂಚತಂತ್ರ ಮಾಡಿಕೊಟ್ಟಿತು. ಅಲ್ಲಿಯ ಆಷಾಢಭೂತಿ ಶಿಷ್ಯನ ಸೋಗು ಹಾಕಿ, ಹಣ ಕೂಡಿಟ್ಟ ಸಂನ್ಯಾಸಿಯನ್ನು ನಂಬಿಸಿ ದೋಚಿದವನು. ಕನ್ನಡದ ಪ್ರೇಕ್ಷಕನಿಗೆ ತೆರೆ ಏಳುವ ಮೊದಲೇ ಇವನ ಜಾತಕ ಗೊತ್ತು. ಇನ್ನು ನೋಡಬೇಕಾದದ್ದು ಯಜಮಾನ ಯಾವಾಗ ಎಚ್ಚರಾಗುತ್ತಾನೆ ಎಂಬುದು ಮಾತ್ರ. ಈ ಹಾಸ್ಯದಲ್ಲಿ ಜನ ಹೆಚ್ಚು ನಗುವುದು ಕಳ್ಳನನ್ನು ನೋಡಿ ಅಲ್ಲ, ನಂಬಿದವನನ್ನು ನೋಡಿ. ನಕ್ಕವರಲ್ಲಿ ಹಲವರು ಯಾವುದೋ ಸ್ವಾಮಿಗೆ ಅಡ್ಡಬಿದ್ದೇ ಬಂದಿರುತ್ತಾರೆ.

ಆ ಹೊತ್ತಿನ ರಂಗವನ್ನು ನೆನಪಿಸಿಕೊಂಡರೆ ಈ ಕೆಲಸದ ಬೆಲೆ ತಿಳಿಯುತ್ತದೆ. ಕಂಪನಿ ನಾಟಕಗಳಲ್ಲಿ ಹಾಡಿನ ಸುರಿಮಳೆ. ಸಾಯುವ ಪಾತ್ರವೂ ‘ಒನ್ಸ್ ಮೋರ್’ ಕೂಗಿಗೆ ಎದ್ದು ಕೂತು ಇನ್ನೊಮ್ಮೆ ಹಾಡಿ ಸಾಯುತ್ತಿತ್ತು. ಅಲ್ಲಿಯ ಹಾಸ್ಯ ಬಹುಮಟ್ಟಿಗೆ ನಟನ ಹಾಸ್ಯ. ‘ಸದಾರಮೆ’ಯ ಕಳ್ಳನ ಪಾತ್ರವನ್ನು ಗುಬ್ಬಿ ವೀರಣ್ಣನವರು ಮಾಡಿದರೆಂಬ ಕಾರಣಕ್ಕೇ ಜನ ಬರುತ್ತಿದ್ದರು. ಇನ್ನೊಂದು ಕಡೆ ಕೈಲಾಸಂ ಹಾಡನ್ನು ಬದಿಗಿಟ್ಟು ಮಧ್ಯಮವರ್ಗದ ಮನೆಯ ಪಡಸಾಲೆಯನ್ನೇ ರಂಗಕ್ಕೆ ತಂದಿದ್ದರು. ಮೂರ್ತಿರಾಯರ ಹಾದಿ ಕೈಲಾಸಂ ಕಡೆಗಿನದು. ನಗು ಹುಟ್ಟಬೇಕಾದದ್ದು ಸನ್ನಿವೇಶದಿಂದ, ಮಾತಿಗೆ ಮಾತು ತಾಗುವುದರಿಂದ. ಮಾತಿನ ಹಾಸ್ಯದ ನಡುವೆ ಹಾಡು ಬಂದರೆ ಕಟ್ಟಿದ ಬಿಗಿ ಸಡಿಲವಾಗುತ್ತದೆ. ಮೇಜಿನ ಕೆಳಗೆ ಕೂತ ಗಂಡನನ್ನು ಹಾಡು ಮುಗಿಯುವವರೆಗೂ ಕೂರಿಸಿದರೆ ಪ್ರೇಕ್ಷಕನೂ ಅವನನ್ನು ಮರೆಯುತ್ತಾನೆ.

ಅವರು ಅಲ್ಲಿಗೆ ನಿಲ್ಲಲಿಲ್ಲ. ಮೋಲಿಯೇರನ ನಾಟಕಗಳನ್ನು ಮತ್ತೆಯೂ ಕನ್ನಡಕ್ಕೆ ತಂದರು. ಶೇಕ್ಸ್‌ಪಿಯರನ ‘ಟೆಂಪೆಸ್ಟ್’ ಅವರಿಂದ ‘ಚಂಡಮಾರುತ’ವಾಯಿತು. ಅದೇ ನಾಟಕವನ್ನು ಕುವೆಂಪು ‘ಬಿರುಗಾಳಿ’ಯಾಗಿ ಕನ್ನಡ ನೆಲಕ್ಕೆ ಒಗ್ಗಿಸಿದ್ದರು. ಕುಡುಕ ಬಟ್ಲರ್, ಅಂಜುಬುರುಕ ವಿದೂಷಕ, ಕಾಡುಮನುಷ್ಯ ಈ ಮೂವರೂ ಸೇರಿ ರಾಜ್ಯ ಕಟ್ಟಲು ಹೊರಡುವ ಆ ನಾಟಕದ ಉಪಕಥೆ, ಅಧಿಕಾರದ ಹುಚ್ಚನ್ನು ನೋಡಿ ನಗುವುದಕ್ಕೆ ಇಂದಿಗೂ ಒಳ್ಳೆಯ ಪಾಠ.

ಮೂರ್ತಿರಾಯರ ಬರವಣಿಗೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಎಳೆ ಎದ್ದು ಕಾಣುತ್ತದೆ. 1931ರಲ್ಲಿ ಸುಳ್ಳು ಭಕ್ತನನ್ನು ರಂಗದ ಮೇಲೆ ನಿಲ್ಲಿಸಿದವರು, 1991ರಲ್ಲಿ, ತೊಂಬತ್ತು ದಾಟಿದ ಮೇಲೆ, ‘ದೇವರು’ ಪುಸ್ತಕ ಬರೆದು ದೇವರಿದ್ದಾನೆಯೇ ಎಂದು ನೇರವಾಗಿ ಕೇಳಿದರು. ಅರವತ್ತು ವರ್ಷದ ಅಂತರದ ಈ ಎರಡು ಪುಸ್ತಕಗಳ ಮನೋಧರ್ಮ ಒಂದೇ. ನಂಬುವವರ ಮೇಲೆ ಸಿಟ್ಟಿಲ್ಲ, ನಂಬಿಸುವವರ ಮೇಲೆ ಗುಮಾನಿ ಇದೆ. ಬೈಗುಳವಿಲ್ಲ, ಕಿರುನಗೆ ಇದೆ. ‘ಅಪರವಯಸ್ಕನ ಅಮೆರಿಕಾ ಯಾತ್ರೆ’ಯಲ್ಲಿ ತಮ್ಮ ಮುದಿತನವನ್ನೇ ನೋಡಿ ನಗುವ ಈ ಬರಹಗಾರ ಇತರರನ್ನು ನೋಡಿ ನಗುವ ಹಕ್ಕನ್ನು ತಮ್ಮ ಮೇಲೂ ಬಳಸಿಕೊಂಡವರು. ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ‘ಚಿತ್ರಗಳು-ಪತ್ರಗಳು’ ಓದಿದವರಿಗೂ ಈ ಗುಣ ಗೊತ್ತು.

ಮೇಲುಕೋಟೆಗೆ ಮರಳಿದ ಹಾಡು

ಅಕ್ಕಿಹೆಬ್ಬಾಳಿನವರು ದೂರ ಇಟ್ಟ ಹಾಡನ್ನು ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯವರು ಮರಳಿ ಕರೆತಂದರು. ಪು.ತಿ. ನರಸಿಂಹಾಚಾರ್ 1905ರ ಮಾರ್ಚ್ 17ರಂದು ಅಲ್ಲಿ ಹುಟ್ಟಿದವರು. ಹೊಟ್ಟೆಪಾಡಿಗೆ ಮೈಸೂರು ಸಂಸ್ಥಾನದ ಸೈನ್ಯದ ಕಚೇರಿಯಲ್ಲಿ ಗುಮಾಸ್ತಗಿರಿ, ಮನಸ್ಸಿನ ತುಂಬ ರಾಗ. ಕಂಪನಿ ನಾಟಕದಲ್ಲಿ ಮಾತಿನ ನಡುವೆ ಹಾಡು ತಂದು ಸೇರಿಸುತ್ತಿದ್ದರು. ಪುತಿನ ಅವರ ಗೀತನಾಟಕದಲ್ಲಿ ಹಾಡೇ ಮಾತು. ಪಾತ್ರದ ಮನಸ್ಸು ತಿರುಗಿದಾಗ ರಾಗವೂ ತಿರುಗುತ್ತದೆ. ‘ಅಹಲ್ಯೆ’, ‘ಗೋಕುಲ ನಿರ್ಗಮನ’ ಈ ಬಗೆಯವು. ‘ಹಂಸದಮಯಂತಿ ಮತ್ತು ಇತರ ರೂಪಕಗಳು’ ಸಂಕಲನಕ್ಕೆ 1966ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಪುತಿನ ಅವರನ್ನು ಗಂಭೀರ ಕವಿಯೆಂದಷ್ಟೇ ತಿಳಿಯುವುದು ರೂಢಿ. ಆದರೆ ‘ವಿಕಟಕವಿ ವಿಜಯ’ ಎಂಬ ನಾಟಕವೂ ಅವರದೇ. ‘ಧೇನುಕ ಪುರಾಣ’, ‘ಈಚಲು ಮರದ ಕೆಳಗೆ’ ಬರೆದ ಗದ್ಯದ ಪುತಿನ ಸಲೀಸಾಗಿ ನಗಿಸಬಲ್ಲವರು. ಅವರ ಗೀತನಾಟಕಗಳ ನಿಜವಾದ ಬಲ ಬಿ.ವಿ. ಕಾರಂತರು ‘ಗೋಕುಲ ನಿರ್ಗಮನ’ವನ್ನು ರಂಗಕ್ಕೆ ತಂದಾಗ ಹೊಸ ತಲೆಮಾರಿಗೆ ತಿಳಿಯಿತು. ಓದುವಾಗ ಕವಿತೆಯಂತೆ ತೋರುವುದು ರಂಗದ ಮೇಲೆ ಆಟವಾಗಬಲ್ಲದು, ಕೃಷ್ಣ ಗೋಪಿಯರ ಕೀಟಲೆಯಿಂದ ಅಗಲಿಕೆಯ ದುಃಖದವರೆಗೂ ಸಂಗೀತ ಒಂದೇ ಉಸಿರಿನಲ್ಲಿ ಕೊಂಡೊಯ್ಯಬಲ್ಲದು ಎಂಬುದನ್ನು ಕಾರಂತರ ಕಿವಿ ಹಿಡಿದಿತ್ತು. ಸಿಂಗರಾರ್ಯ ನಗಿಸಲು ಆರಿಸಿಕೊಂಡ ಅದೇ ಕೃಷ್ಣ ಪುತಿನ ಅವರಲ್ಲಿ ಗೋಕುಲ ಬಿಟ್ಟು ಹೊರಡುತ್ತಾನೆ.

ಇಂದಿನ ರಂಗ

ಈಗಲೂ ಈ ನಾಲ್ಕು ತಾಲ್ಲೂಕುಗಳಲ್ಲಿ ನಾಟಕ ಸತ್ತಿಲ್ಲ. ಸುಗ್ಗಿ ಮುಗಿದು ಹಬ್ಬ, ಜಾತ್ರೆ ಬಂದರೆ ಹಾರ್ಮೋನಿಯಂ ಮೇಷ್ಟ್ರಿಗೆ ಪುರಸೊತ್ತಿಲ್ಲ. ರೈತರು, ಬಸ್ ಕಂಡಕ್ಟರುಗಳು, ಶಾಲಾ ಮೇಷ್ಟ್ರುಗಳು ಕೈಯಿಂದ ಹಣ ಹಾಕಿ ಪಾತ್ರ ಹಿಡಿದು, ತಿಂಗಳುಗಟ್ಟಲೆ ಕಂದಪದ್ಯ ಕಲಿತು, ಸೀನರಿ ಬಾಡಿಗೆಗೆ ತಂದು ರಾತ್ರಿಯೆಲ್ಲ ಕುರುಕ್ಷೇತ್ರ ಆಡುತ್ತಾರೆ. ಇಷ್ಟು ದೊಡ್ಡ ಹವ್ಯಾಸಿ ರಂಗ ಬೇರೆ ಕಡೆ ಸಿಗುವುದು ಕಷ್ಟ. ಅದರ ಪಟ್ಟಿಯಲ್ಲಿ ಈ ಮಣ್ಣಿನ ನಗೆನಾಟಕಗಳಿಗೆ ಮಾತ್ರ ಜಾಗವಿಲ್ಲ. ದುರ್ಯೋಧನನ ಪಾತ್ರಕ್ಕೆ ಪೈಪೋಟಿ ನಡೆಯುವ ಊರುಗಳಲ್ಲಿ ಆಷಾಢಭೂತಿಯ ಹೆಸರೇ ಕೇಳಿಬರುವುದಿಲ್ಲ. ‘ಮಿತ್ರವಿಂದಾ ಗೋವಿಂದ’ ಕನ್ನಡ ಎಂ.ಎ. ಪರೀಕ್ಷೆಯ ಒಂದು ಅಂಕದ ಪ್ರಶ್ನೆಯಾಗಿ ಉಳಿದಿದೆ. ಮೊದಲ ನಾಟಕ ಯಾವುದು ಎಂದು ಕೇಳುತ್ತಾರೆ, ಅದರಲ್ಲಿ ಏನಿದೆ ಎಂದು ಕೇಳುವುದಿಲ್ಲ.

ಹೊರಗಿನ ಕಥೆ ತಂದು ನಮ್ಮ ಪಡಸಾಲೆಯಲ್ಲಿ ಕೂರಿಸಿದ್ದು ಈ ಬರಹಗಾರರ ಸಾಮಾನ್ಯ ಗುಣ. ಸಿಂಗರಾರ್ಯ ಹರ್ಷನಿಂದ ತಂದ, ಬಿಎಂಶ್ರೀ ಗ್ರೀಕರಿಂದ ತಂದರು, ಮೂರ್ತಿರಾಯರು ಫ್ರೆಂಚರಿಂದ ತಂದರು. ಹೀಗೆ ತಂದವರಲ್ಲಿ ಇಂದಿನ ದಿನಕ್ಕೆ ಹೆಚ್ಚು ಹತ್ತಿರದವರು ಮೂರ್ತಿರಾಯರೇ. ಟಿ.ವಿ.ಯಲ್ಲಿ ಬೆಳಗಾಗುತ್ತಲೇ ಭವಿಷ್ಯ ಹೇಳುವವರು, ಆಸ್ತಿ ಬರೆಸಿಕೊಳ್ಳುವ ಸ್ವಾಮಿಗಳು, ಮನೆಯವರ ಮಾತಿಗಿಂತ ಅವರ ಮಾತನ್ನು ನಂಬುವ ಯಜಮಾನರು ಇರುವವರೆಗೂ ‘ಆಷಾಢಭೂತಿ’ ಹಳೆಯದಾಗುವುದಿಲ್ಲ.

ಆದ್ದರಿಂದ ಈ ತಾಲ್ಲೂಕುಗಳ ನಾಟಕ ಮಂಡಳಿಗಳಿಗೆ, ಕಾಲೇಜುಗಳ ಕನ್ನಡ ವಿಭಾಗಗಳಿಗೆ ಒಂದು ಕೋರಿಕೆ. ಕುರುಕ್ಷೇತ್ರವನ್ನು ಬಿಡಬೇಡಿ. ಅದರ ಮಾರನೆಯ ರಾತ್ರಿ ಅದೇ ಸೀನರಿ, ಅದೇ ಹಾರ್ಮೋನಿಯಂ ಇಟ್ಟುಕೊಂಡು ಮೂರ್ತಿರಾಯರ ಒಂದು ಹಾಸ್ಯವನ್ನೋ ಪುತಿನ ಅವರ ಒಂದು ಗೀತನಾಟಕವನ್ನೋ ಆಡಿ. ಪುಸ್ತಕಕ್ಕೆ ತಾಲ್ಲೂಕು ಗ್ರಂಥಾಲಯದಲ್ಲಿ ಕೇಳಿ, ಇಲ್ಲವೆಂದರೆ ತರಿಸಿಕೊಡಲು ಬರೆದುಕೊಡಿ. ಬಡಿಸುವುದಕ್ಕೆ ನಮ್ಮಲ್ಲೇ ಇಷ್ಟು ನಗೆ ಇರುವಾಗ ಬೇರೆ ಊರಿನಿಂದ ಹಾಸ್ಯದ ತಂಡ ಕರೆಸುವ ಅಗತ್ಯ ಮಂಡ್ಯಕ್ಕಿಲ್ಲ.